ಅರ್ಧಕ್ಕೇ ಎದ್ದು ಹೋಗಬಹುದಾದ ಕೆಲಸ

ಒಂದೇ ಕೊಕ್ಕೆಕಡ್ಡಿಯಲ್ಲಿ ಹೆಣೆಯುವ ಕ್ರೋಶಾದಲ್ಲಿ ನನ್ನ ಮೊದಲ ಹೊದಿಕೆಗೆ 180 ಚೈನ್ (ಸರಪಳಿಯಂತೆ ಒಂದರೊಳಗೊಂದು ಕುಣಿಕೆ) ಹಾಕಿ ಶುರು ಮಾಡಿದ್ದೆ. ಮಗ ಹುಟ್ಟುವುದಕ್ಕೆ ಇನ್ನೂ ಒಂದು ತಿಂಗಳಿತ್ತು, ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಸಾಲಿಗೆ ಡಬಲ್ ಎನ್ನುವ ಎತ್ತರದ ಸ್ಟಿಚ್ 180, ಈ ತುದಿಯಿಂದ ಆ ತುದಿಗೆ ಇಪ್ಪತ್ತೈದು ನಿಮಿಷ. ಮೂವತ್ತು ಸಾಲು ಚೆನ್ನಾಗಿಯೇ ಬಂತು. ಮೂವತ್ತೊಂದನೆಯ ಸಾಲಿನ ನಡುವೆ ಆಸ್ಪತ್ರೆಗೆ ಹೋದವಳು ಮತ್ತೆ ಕಡ್ಡಿ ಹಿಡಿದದ್ದು ಮಗುವಿಗೆ ಐದು ತಿಂಗಳು ತುಂಬಿದ ಮೇಲೆ.

ಆಮೇಲೆ ಅದರ ಪಾಡು ಕೇಳಬೇಡಿ. ಅರವತ್ತು ಎಣಿಸುವಷ್ಟರಲ್ಲಿ ಮಗು ಏಳುತ್ತಿತ್ತು. ಅದನ್ನು ಮಲಗಿಸಿ ಬಂದರೆ ಎಷ್ಟರಲ್ಲಿದ್ದೆ ಎನ್ನುವುದೇ ಮರೆತಿರುತ್ತಿತ್ತು, ಮತ್ತೆ ಮೊದಲಿಂದ ಎಣಿಕೆ. ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿಗೆ ತಿರುಗುವಾಗ ಹಾಕಿದ ಮೂರು ಚೈನ್ ಇರುತ್ತದಲ್ಲ, ಅದರ ತಲೆಯ ಮೇಲೂ ಒಂದು ಡಬಲ್ ಹಾಕಬೇಕು. ನಿದ್ದೆಗಣ್ಣಿನಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದೆ. ಸಾಲಿಗೊಂದರಂತೆ ಕಳೆದು ಕಳೆದು, ಚೌಕವಾಗಬೇಕಿದ್ದ ಹೊದಿಕೆ ಗೋಪುರದಂತೆ ಮೇಲೆ ಹೋಗುತ್ತಾ ಕಿರಿದಾಯಿತು. ಒಂದು ರಾತ್ರಿ ಎಲ್ಲವನ್ನೂ ಬಿಚ್ಚಿದೆ. ಎಳೆದರೆ ಸರಸರ ಬಿಚ್ಚಿಕೊಳ್ಳುವುದು ಕ್ರೋಶಾದ ಗುಣ. ಎರಡು ತಿಂಗಳ ಕೆಲಸ ಒಂದೇ ಗಂಟೆಯಲ್ಲಿ ಉಂಡೆಯಾಗಿ ಮಡಿಲಲ್ಲಿ ಕುಳಿತಿತ್ತು.

ಟೈಮೇ ಸಿಗುವುದಿಲ್ಲ ಎಂದು ಎಷ್ಟೋ ದಿನ ಗೊಣಗಿದೆ. ಹೊತ್ತು ಸಿಗುತ್ತಲೇ ಇತ್ತು, ಆದರೆ ಚೂರು ಚೂರಾಗಿ: ಹಾಲು ಕಾಯುವಾಗ ಏಳು ನಿಮಿಷ, ಮಗು ಆಟದಲ್ಲಿ ಮೈಮರೆತಾಗ ಹದಿನೈದು, ಡಾಕ್ಟರ ಬಾಗಿಲಲ್ಲಿ ಕಾಯುತ್ತಾ ಅರ್ಧ ಗಂಟೆ. ನಾನು ಹಿಡಿದ ಕೆಲಸ ಆ ಚೂರುಗಳಲ್ಲಿ ಕೂರುವಂಥದ್ದಾಗಿರಲಿಲ್ಲ, ಅಷ್ಟೇ.

ಅದೇ ಉಲ್ಲನ್ನಿನಲ್ಲಿ ಗ್ರ್ಯಾನಿ ಸ್ಕ್ವೇರ್ (ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಚೌಕ) ಹಾಕಲು ಕುಳಿತೆ. ಮೂರು ಡಬಲ್ ಸೇರಿ ಒಂದು ಗೊಂಚಲು. ಮೊದಲ ಸುತ್ತಿಗೆ ನಾಲ್ಕು ಗೊಂಚಲು, ಎರಡನೆಯದಕ್ಕೆ ಎಂಟು, ಹೀಗೆ ಸುತ್ತಿಗೆ ನಾಲ್ಕು ಹೆಚ್ಚುತ್ತಾ ಐದನೆಯ ಸುತ್ತಿಗೆ ಇಪ್ಪತ್ತು. ಒಟ್ಟು ಕೂಡಿಸಿದರೆ 60 ಗೊಂಚಲು, ಅಂದರೆ 180 ಡಬಲ್. ಲೆಕ್ಕ ಹಾಕಿ ನೋಡಿ ನಕ್ಕುಬಿಟ್ಟೆ. ಆ ಹೊದಿಕೆಯ ಒಂದು ಸಾಲಿಗೆ ಹಿಡಿಯುತ್ತಿದ್ದಷ್ಟೇ ಡಬಲ್, ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದರೆ ಸಾಲು ಮುಗಿದರೆ ಕೈಯಲ್ಲಿ ಏನೂ ಆಗಿರುವುದಿಲ್ಲ, ಹೊದಿಕೆ ಒಂದು ಬೆರಳಗಲವೂ ಬೆಳೆದಿರುವುದಿಲ್ಲ. ಇಲ್ಲಿ ಅಂಗೈಯಗಲದ ಒಂದು ಚೌಕ ಪೂರ್ತಿಯಾಗಿ ಎದುರಿಗೆ ಇರುತ್ತದೆ. ಎಣಿಕೆಯ ಗೋಜೂ ಇಲ್ಲ. ಹಿಂದಿನ ಸುತ್ತಿನ ಸಂದು ಕಂಡರೆ ಅಲ್ಲೊಂದು ಗೊಂಚಲು, ಮೂಲೆ ಬಂದರೆ ನಡುವೆ ಎರಡು ಚೈನ್ ಇಟ್ಟು ಎರಡು ಗೊಂಚಲು. ಎದ್ದು ಹೋಗಿ ಮೂರು ದಿನ ಬಿಟ್ಟು ಬಂದರೂ ಮುಂದೇನು ಎನ್ನುವುದನ್ನು ಆ ಚೌಕವೇ ಹೇಳುತ್ತದೆ.

ಇದೇನು ನಾನು ಕಂಡುಹಿಡಿದದ್ದಲ್ಲ. 1840ರ ದಶಕದಲ್ಲಿ ಐರ್ಲೆಂಡಿಗೆ ದೊಡ್ಡ ಬರಗಾಲ ಬಡಿದಾಗ ಅಲ್ಲಿನ ಹೆಂಗಸರು ಕ್ರೋಶಾ ಲೇಸ್ ಮಾಡಿ ಸಂಸಾರ ತೂಗಿಸಿದರು. ಗುಲಾಬಿ, ಎಲೆ ಎಂದು ಬಿಡಿಬಿಡಿಯಾಗಿ ಹೆಣೆದು, ಆಮೇಲೆ ಎಲ್ಲವನ್ನೂ ಸೇರಿಸಿ ಒಂದೇ ಬಟ್ಟೆಯಾಗಿಸುವುದು ಆ ಲೇಸಿನ ಪದ್ಧತಿ. ಸೊಗಸಿನ ಜೊತೆಗೆ ಅದರಲ್ಲಿ ಮನೆಗೆಲಸದ ನಡುವೆ ಒಂದು ಎಲೆ ಮುಗಿಸುವ ಅನುಕೂಲವೂ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಕೆಲಸ ಆರಿಸುವಾಗ ಈಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಇದನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಏನಾಗುತ್ತದೆ? ಈ ವಿಷಯದಲ್ಲಿ ಎರಡು ಕಡ್ಡಿಯ ನಿಟ್ಟಿಂಗಿಗಿಂತ ಕ್ರೋಶಾ ಮೇಲು. ನಿಟ್ಟಿಂಗಿನಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೇ ಇರುತ್ತವೆ, ಮಗು ಕಡ್ಡಿ ಎಳೆದರೆ ಎಲ್ಲವೂ ಜಾರುತ್ತವೆ. ಕ್ರೋಶಾದಲ್ಲಿ ಮಾಮೂಲಾಗಿ ಬಾಯಿ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಚುಚ್ಚಿದರೆ ಮುಗಿಯಿತು. ಪಿನ್ನೂ ಸಿಗದಿದ್ದರೆ ಕುಣಿಕೆಯನ್ನು ಗೇಣುದ್ದ ಎಳೆದು ಬಿಟ್ಟು ಓಡುತ್ತೇನೆ.

ಹಾಗೆಂದು ಚೌಕಗಳಲ್ಲಿ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಎಂಟು ಅಡ್ಡ, ಹತ್ತು ಉದ್ದ, ಒಟ್ಟು 80 ಚೌಕ. ಚೆಂದ ಕಾಣಲಿ ಎಂದು ಪ್ರತಿಯೊಂದಕ್ಕೂ ಮೂರು ಬಣ್ಣ ಹಾಕಿದ್ದೆ. ಬಣ್ಣಕ್ಕೆ ಎರಡು ದಾರದ ತುದಿ, ಚೌಕಕ್ಕೆ ಆರು. ಕೊನೆಗೆ ಒಟ್ಟಿಗೆ ಹೆಣಿಗೆಯೊಳಗೆ ಸೇರಿಸಿ ಮುಚ್ಚಿದರಾಯಿತು ಎಂದು ಎಲ್ಲವನ್ನೂ ಡಬ್ಬಿಗೆ ತುಂಬುತ್ತಾ ಹೋದೆ. ಡಬ್ಬಿ ತುಂಬಿದ ದಿನ ಲೆಕ್ಕ ಹಾಕಿದರೆ 480 ತುದಿ! ಆ ಡಬ್ಬಿ ಮಂಚದ ಕೆಳಗೆ ಎಂಟು ತಿಂಗಳು ಕುಳಿತಿತ್ತು. ಕ್ರೋಶಾ ಹಾಕುವವರ ಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸಗಳಲ್ಲಿ ಬಹಳಷ್ಟು ನಿಂತಿರುವುದು ಹೆಣಿಗೆ ಬಾಕಿ ಇದ್ದಲ್ಲ, ಈ ತುದಿಗಳಿಂದ.

ಈಗ ಸುತ್ತು ಮುಗಿದ ಕೂಡಲೇ ತುದಿ ಮುಚ್ಚುತ್ತೇನೆ. ದಬ್ಬಳದಂಥ ಮೊಂಡು ಸೂಜಿಗೆ ದಾರ ಪೋಣಿಸಿ ಒಂದು ಕಡೆಗೆ ಎರಡು ಅಂಗುಲ, ತಿರುಗಿಸಿ ವಾಪಸ್ಸು, ಮತ್ತೊಮ್ಮೆ ತಿರುಗಿಸಿ ಮುಂದಕ್ಕೆ. ಹೀಗೆ ಎರಡು ಸಲ ದಿಕ್ಕು ಬದಲಿಸಿದರೆ ಒಗೆತಕ್ಕೆ ಬಿಚ್ಚುವುದಿಲ್ಲ. ಬರೀ ಗಂಟು ಹಾಕಿ ಕತ್ತರಿಸಿದರೆ ನಾಲ್ಕನೆಯ ಒಗೆತಕ್ಕೆ ಗಂಟು ಹೊರಗಿಣುಕುತ್ತದೆ. ಜೋಡಿಸುವ ಕೆಲಸವನ್ನೂ ಕೊನೆಗೆ ಉಳಿಸುವುದಿಲ್ಲ. ಕೊನೆಯ ಸುತ್ತು ಹಾಕುವಾಗಲೇ ಪಕ್ಕದ ಚೌಕದ ಸಂದಿಗೆ ಒಂದು ಸ್ಲಿಪ್ ಸ್ಟಿಚ್ ಹಾಕಿ ಅಂಟಿಸುತ್ತಾ ಹೋದರೆ, ಚೌಕ ಮುಗಿಯುವುದೂ ಹೊದಿಕೆಗೆ ಸೇರುವುದೂ ಒಟ್ಟಿಗೇ ಆಗುತ್ತದೆ.

ಸಾಮಾನಿನ ವಿಷಯಕ್ಕೆ ಬಂದರೆ, ಮೊದಲು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಅಟ್ಟದ ಮೇಲಿತ್ತು. ಹತ್ತು ನಿಮಿಷದ ಬಿಡುವಿನಲ್ಲಿ ಐದು ನಿಮಿಷ ಅದನ್ನು ಇಳಿಸುವುದಕ್ಕೇ ಹೋದರೆ ಯಾರು ಇಳಿಸುತ್ತಾರೆ? ಈಗ ಎರಡು ಸಣ್ಣ ಚೀಲ. ಒಂದು ಹೊರಗೆ ಹೋಗುವ ಬ್ಯಾಗಿನಲ್ಲಿ: 4 ಮಿಲಿಮೀಟರಿನ ಕಡ್ಡಿ, ಒಂದೇ ಬಣ್ಣದ ಒಂದೇ ಉಂಡೆ, ಸೂಜಿ, ಪುಟ್ಟ ಕತ್ತರಿ, ನಾಲ್ಕು ಪಿನ್ನು. ಅದರಲ್ಲಿ ಯಾವತ್ತೂ ಮೆದುಳಿಗೆ ಕೆಲಸವಿಲ್ಲದ ಚೌಕಗಳೇ. ಇನ್ನೊಂದು ಹಾಸಿಗೆಯ ಪಕ್ಕ, ಎಣಿಸಿ ಮಾಡಬೇಕಾದ ಕೆಲಸಕ್ಕೆ. ಅದನ್ನು ತೆಗೆಯುವುದು ಮನೆ ಮಲಗಿದ ಮೇಲೆ ಮಾತ್ರ. ಕಪ್ಪು, ಕಡುನೀಲಿ ದಾರವನ್ನು ಅಲ್ಲಿಗೂ ಸೇರಿಸುವುದಿಲ್ಲ. ರಾತ್ರಿಯ ದೀಪದಲ್ಲಿ ಸ್ಟಿಚ್ ಎಲ್ಲಿದೆ ಎಂದು ಬೆರಳಲ್ಲಿ ತಡವಬೇಕಾಗುತ್ತದೆ.

ಪ್ರತಿ ಚೀಲದಲ್ಲೂ ಒಂದು ಚೀಟಿ ಇದೆ. ಅದಕ್ಕೂ ಒಂದು ಪೆಟ್ಟು ತಿಂದೇ ಬುದ್ಧಿ ಬಂದದ್ದು. ಒಂದು ಶಾಲನ್ನು ಅರ್ಧಕ್ಕೆ ಬಿಟ್ಟು ನಾಲ್ಕು ತಿಂಗಳ ಮೇಲೆ ಎತ್ತಿಕೊಂಡೆ. ಕೈಗೆ ಸಿಕ್ಕ 3.5ರ ಕಡ್ಡಿಯಲ್ಲಿ ಮುಂದುವರಿಸಿದೆ. ಮುಗಿಸಿ ಹರಡಿದರೆ ಅರ್ಧ ಶಾಲು ಮೆತ್ತಗೆ ಜೋತುಬಿದ್ದಿದೆ, ಇನ್ನರ್ಧ ಬಿಗಿಯಾಗಿ ಮುದುಡಿದೆ. ಶುರು ಮಾಡಿದ್ದು 4ರಲ್ಲಿ. ಅಲ್ಲಿಂದೀಚೆಗೆ ಕಡ್ಡಿಯ ಅಳತೆ, ಎಷ್ಟನೆಯ ಸಾಲು, ಸಾಲಿಗೆ ಎಷ್ಟು ಸ್ಟಿಚ್, ಇಷ್ಟನ್ನು ಬರೆದೇ ಎದ್ದೇಳುತ್ತೇನೆ. ಉದ್ದದ ಚೈನ್ ಹಾಕಬೇಕಾದರೆ ಇಪ್ಪತ್ತಕ್ಕೊಂದು ಪಿನ್ನು. ಯಾರಾದರೂ ಕರೆದರೆ ಕಳೆಯುವುದು ಹೆಚ್ಚೆಂದರೆ ಹತ್ತೊಂಬತ್ತರ ಎಣಿಕೆ.

ಕಡ್ಡಿ ಒಂದೇ ಆಗಿದ್ದರೂ ಕೈ ಒಂದೇ ಥರ ಇರುವುದಿಲ್ಲ ಎನ್ನುವುದು ಬೇರೆ ಮಾತು. ಮಗಳ ಸ್ವೆಟರಿನ ಎಡತೋಳು ರಜೆಯಲ್ಲಿ ಹಾಕಿದ್ದು, ಬಲತೋಳು ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ವಾರದಲ್ಲಿ. ಸಾಲು, ಸ್ಟಿಚ್ ಎಲ್ಲ ಸಮ. ಬಲತೋಳು ಮಾತ್ರ ಬೆರಳಗಲ ಗಿಡ್ಡ. ಈಗ ಎರಡು ಉಂಡೆ ಇಟ್ಟುಕೊಂಡು ಇದರಲ್ಲಿ ನಾಲ್ಕು ಸಾಲು, ಅದರಲ್ಲಿ ನಾಲ್ಕು ಸಾಲು ಎಂದು ಎರಡು ತೋಳನ್ನೂ ಜೊತೆಗೇ ಬೆಳೆಸುತ್ತೇನೆ.

ಆ ಸ್ವೆಟರಿನ ಇನ್ನೊಂದು ದುಃಖವೆಂದರೆ ಅದು ಮುಗಿಯುವಷ್ಟರಲ್ಲಿ ಮಗಳು ಅದನ್ನು ಮೀರಿ ಬೆಳೆದಿದ್ದಳು. ಅದನ್ನು ಈಗ ಅವಳ ಕರಡಿ ತೊಟ್ಟುಕೊಂಡಿದೆ. ಮಕ್ಕಳು ಬೆಳೆಯುವ ವೇಗಕ್ಕೂ ನಾನು ಹೆಣೆಯುವ ವೇಗಕ್ಕೂ ಪಂದ್ಯ ಕಟ್ಟಿದರೆ ಸೋಲು ನನ್ನದೇ. ಹಾಗಾಗಿ ತೊಡುವ ಬಟ್ಟೆಯನ್ನು ಒಂದು ಅಳತೆ ದೊಡ್ಡದಾಗಿಯೇ ಶುರು ಮಾಡುತ್ತೇನೆ, ಇಲ್ಲವೇ ಟೋಪಿ, ಮಫ್ಲರ್‌ಗಳಿಗೆ ನಿಲ್ಲುತ್ತೇನೆ. ತಲೆ ಮೈಯಷ್ಟು ಬೇಗ ಬೆಳೆಯುವುದಿಲ್ಲ, ಹೆಣೆದ ಟೋಪಿ ಹಿಗ್ಗುತ್ತದೆ ಬೇರೆ. ತಲೆಯ ಸುತ್ತಳತೆಗಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ಇಟ್ಟರೆ ಜಾರದೆ ಕೂರುತ್ತದೆ.

ಟೋಪಿಯೂ ಗೊಂಬೆಯೂ ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವಂಥವು. ನನ್ನ ಗೊಂಬೆಗಳಿಗೆ ಆರು ಸಿಂಗಲ್‌ನಿಂದ (ಡಬಲ್‌ಗಿಂತ ಗಿಡ್ಡ ಸ್ಟಿಚ್) ಶುರು; ಮುಂದಿನ ಸುತ್ತು 12, ಆಮೇಲೆ 18, 24, 30. ಇದನ್ನು ನಾನು ಗಟ್ಟಿಯಾಗಿ ಎಣಿಸುತ್ತಿದ್ದರೆ ಎರಡನೇ ಕ್ಲಾಸಿನಲ್ಲಿದ್ದ ಮಗ ಪಕ್ಕದಲ್ಲಿ ಕುಳಿತು, "ಅಮ್ಮಾ, ಮುಂದಿನದು ಮೂವತ್ತಾರು" ಎನ್ನತೊಡಗಿದ. ಆರರ ಮಗ್ಗಿ ಅವನಿಗೆ ಬಂದದ್ದು ಹಾಗೆ. ಏಳರದ್ದು ಇನ್ನೂ ತಡವರಿಸುತ್ತಾನೆ, ಅದಕ್ಕೆ ನನ್ನಲ್ಲಿ ಗೊಂಬೆಯಿಲ್ಲ. ಎಣಿಕೆ ಅವನ ಪಾಲಿಗೆ ಹೋದ ಮೇಲೆ ನನಗೂ ಒಂದು ಅನುಕೂಲವಾಯಿತು: ಮಕ್ಕಳಿಂದ ಕದ್ದು ಮಾಡುತ್ತಿದ್ದ ಕೆಲಸವನ್ನು ಅವರ ನಡುವೆಯೇ ಕುಳಿತು ಮಾಡಬಹುದಾಯಿತು. ಗೊಂಬೆಗೆ ಕಣ್ಣಿಡುವಾಗ ಮಾತ್ರ ಒಂದು ಎಚ್ಚರಿಕೆ. ಮಾರಾಟಕ್ಕೆ ಸಿಗುವ ಪ್ಲಾಸ್ಟಿಕ್ ಕಣ್ಣುಗಳನ್ನು ಮೂರು ವರ್ಷದ ಒಳಗಿನ ಮಕ್ಕಳ ಗೊಂಬೆಗೆ ಹಾಕುವುದಿಲ್ಲ. ಎಳೆದು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತವೆ. ಕಪ್ಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದರೆ ಕಣ್ಣಾಗುತ್ತದೆ.

ದಾರ ಆರಿಸುವುದು ಒಗೆಯುವವರ ಅನುಕೂಲ ನೋಡಿಕೊಂಡು. ಒಮ್ಮೆ ನೆಂಟರ ಮಗುವಿಗೆ ಅಪ್ಪಟ ಉಣ್ಣೆಯ ಟೋಪಿ ಕೊಟ್ಟಿದ್ದೆ. ಬಿಸಿನೀರಲ್ಲಿ ಮಷಿನ್ನಿಗೆ ಹೋಗಿ ಬಂದ ಮೇಲೆ ಅದು ಕಂಬಳಿಯಂತೆ ಗಟ್ಟಿಯಾಗಿ ಕಿತ್ತಳೆ ಹಣ್ಣಿಗೆ ಹಾಕುವಷ್ಟಾಯಿತು. ತಪ್ಪು ನನ್ನದೇ, ಹೇಳಿ ಕೊಡಬೇಕಿತ್ತು. ಮಕ್ಕಳ ಬಟ್ಟೆಗೆ ಈಗ ಅಕ್ರಿಲಿಕ್. ಮಷಿನ್ನಿಗೆ ಬಗ್ಗುತ್ತದೆ, ಆದರೆ ಬಿಸಿ ಇಸ್ತ್ರಿ ತಾಗಿದರೆ ಸೊರಗಿ ಹೊಳಪೇರುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬಿಸಿ ಪಾತ್ರೆಯ ಕೆಳಗಿಡುವ ಮ್ಯಾಟಿಗಂತೂ ಅಕ್ರಿಲಿಕ್ ಬೇಡವೇ ಬೇಡ, ಕರಗುತ್ತದೆ. ಅದಕ್ಕೆ ಹತ್ತಿಯ ದಾರ.

ಪ್ಯಾಟರ್ನ್ ನೋಡಿ ಹಾಕುವವರಿಗೆ ಇನ್ನೊಂದು ಮಾತು. ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ, ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಇದು ತಿಳಿಯದೆ ಒಂದು ಟೇಬಲ್ ಮ್ಯಾಟನ್ನು ಮೂರು ಸಂಜೆ ಹೆಣೆದು, ಅಳತೆ ಎಲ್ಲಿ ತಪ್ಪಿತು ಎಂದು ತಲೆ ಕೆರೆದುಕೊಂಡಿದ್ದೇನೆ. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಸಿಂಗಲ್ ಎಂದಿದ್ದರೆ ಅದು ಅಮೆರಿಕದ್ದು, ಬ್ರಿಟಿಷ್ ಹೆಸರುಗಳಲ್ಲಿ ಸಿಂಗಲ್ ಎಂಬುದೇ ಇಲ್ಲ. ಈ ಬರಹದಲ್ಲಿ ನಾನು ಹೇಳಿದ್ದೆಲ್ಲ ಅಮೆರಿಕದ ಹೆಸರು.

ಎಲ್ಲ ಹೊಂದಿಸಿಕೊಂಡೆ ಎನ್ನುವ ಜಂಬದಲ್ಲಿದ್ದಾಗ ಕೈ ಕೈಕೊಟ್ಟಿತು. ಒಂದು ಸಲ ಹುಟ್ಟುಹಬ್ಬಕ್ಕೆ ಕೊಡುತ್ತೇನೆಂದು ಒಪ್ಪಿಕೊಂಡು, ಕೊನೆಯ ವಾರ ರಾತ್ರಿ ಒಂದರವರೆಗೆ ಹೆಣೆದೆ. ಹೆಬ್ಬೆರಳ ಬುಡದಿಂದ ಮುಂಗೈವರೆಗೆ ನೋವು, ಬಾಟಲಿಯ ಮುಚ್ಚಳ ತಿರುಗಿಸಲಾಗದು. ಮೂರು ವಾರ ಕಡ್ಡಿ ಮುಟ್ಟಬೇಡಿ ಎಂದರು ಡಾಕ್ಟರು. ಪೆನ್ಸಿಲ್ ಹಿಡಿದಂತೆ ಹಿಡಿಯುತ್ತಿದ್ದ ಕಡ್ಡಿಯನ್ನು ಆಮೇಲೆ ಚಾಕು ಹಿಡಿದಂತೆ ಹಿಡಿಯಲು ಕಲಿತೆ, ದಪ್ಪ ಹಿಡಿಯ ಕಡ್ಡಿ ಕೊಂಡೆ. ನನ್ನ ಕೈಗೆ ಅದು ಹಿತವಾಯಿತು. ಅರ್ಧ ಗಂಟೆಗೊಮ್ಮೆ ಏಳಬೇಕು ಎನ್ನುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಗಲಿಲ್ಲ, ಮನೆಯವರೇ ಎಬ್ಬಿಸುತ್ತಾರೆ.

ಅಂದಿನಿಂದ ದಿನಾಂಕ ಹೇಳಿ ಯಾರಿಗೂ ಮಾತು ಕೊಡುವುದಿಲ್ಲ. "ನಿಮಗೇನು, ಟಿವಿ ನೋಡ್ತಾ ನೋಡ್ತಾ ಒಂದು ಹಾಕ್ಕೊಡಿ" ಎನ್ನುವವರಿಗೆ, ಬನ್ನಿ, ಕಲಿಸಿಕೊಡುತ್ತೇನೆ ಎನ್ನುತ್ತೇನೆ. ಇದುವರೆಗೆ ಬಂದವರು ಒಬ್ಬರು. ಉಳಿದವರು ಮತ್ತೆ ಕೇಳಿಲ್ಲ.

ಮನೆಯಲ್ಲೊಬ್ಬಳು ಕೇಳದೆಯೇ ಕಲಿತಿದ್ದಾಳೆ. ಐದು ವರ್ಷದ ಮಗಳಿಗೆ ಚೈನ್ ಮಾತ್ರ ಬರುತ್ತದೆ, ತಿರುಗಿಸಿ ಎರಡನೆಯ ಸಾಲು ಹಾಕಲು ಒಲ್ಲೆ ಎನ್ನುತ್ತಾಳೆ. ಅವಳ ಚೈನ್ ಈಗ ಅಡುಗೆಮನೆಯಿಂದ ಹೊರಬಾಗಿಲು ಮುಟ್ಟಿ ವಾಪಸ್ಸು ಬರುವಷ್ಟುದ್ದ ಇದೆ. ನನ್ನ 4ರ ಕಡ್ಡಿ ಅದರ ತುದಿಯಲ್ಲಿ ಸಿಕ್ಕಿಕೊಂಡಿದೆ, ತೆಗೆಯಲು ಬಿಡುವುದಿಲ್ಲ. ಬ್ಯಾಗಿನ ಚೀಲದಲ್ಲಿ 3.5 ಇಟ್ಟುಕೊಂಡು ಹೊಸ ಚೌಕ ಶುರು ಮಾಡಿದ್ದೇನೆ. ಚೀಟಿಯಲ್ಲಿ ಬರೆದಿದ್ದೇನೆ.