ವಿಟಮಿನ್ ಮಾತಿನ ಹಿಂದೆ ಯಾರ ದುಡ್ಡು? ಪತ್ತೆ ಮಾಡುವುದು ಹೀಗೆ

ಬೆಳಗ್ಗೆ ಆರೂವರೆಗೆ ತುಮಕೂರಿನ ಅಮಾನಿಕೆರೆ ದಂಡೆಯಲ್ಲಿ ಒಂದು ಸುತ್ತು ಹಾಕಿ. ಶುಗರ್ ಬರದಿರಲು ವಿಟಮಿನ್ ಡಿ, ಹೃದಯಕ್ಕೆ ಇ, ನೆಗಡಿಗೆ ಸಿ ಎಂದು ಹೇಳುವವರು ಮೂರು ಜನವಾದರೂ ಸಿಗುತ್ತಾರೆ. ನಾನೂ ಆ ಬಳಗದವನೇ. ಹೋದ ವರ್ಷ ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ಮೂಳೆಯ ಉಚಿತ ತಪಾಸಣೆ ಇತ್ತು. ಯಂತ್ರದೊಳಗೆ ಹಿಮ್ಮಡಿ ಇಡಿಸಿದರು. ಚೀಟಿ ಬಂತು. ‘ಮೂಳೆ ವೀಕ್ ಇದೆ’ ಎಂದರು. ಪಕ್ಕದ ಮೇಜಿನ ಮೇಲೆ ಕ್ಯಾಲ್ಸಿಯಂ, ವಿಟಮಿನ್ ಡಿ ಡಬ್ಬಿಗಳು ಸಿದ್ಧವಾಗಿದ್ದವು. ಮೂರು ತಿಂಗಳಿಗಾಗುವಷ್ಟು ಕೊಂಡು ತಂದೆ. ಚೀಟಿಯ ಮೂಲೆಯಲ್ಲೂ ಡಬ್ಬಿಯ ಮೇಲೂ ಒಂದೇ ಕಂಪನಿಯ ಗುರುತು ಇರುವುದನ್ನು ನೋಡಿದ್ದು ನನ್ನ ಹೆಂಡತಿ.

ಸಲಹೆ ಕೊಡುವವರಿಗೇ ಮಾರಾಟದ ಲಾಭವೂ ಸಿಗುವುದಕ್ಕೆ ಹಿತಾಸಕ್ತಿ ಸಂಘರ್ಷ ಎಂಬ ದೊಡ್ಡ ಹೆಸರಿದೆ. ಸಿದ್ಧಗಂಗೆಯ ದನದ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತು ಮಾರುವವನ ಮಾತು ನಂಬಿ ಯಾರೂ ಹಲ್ಲು ನೋಡದೆ ಕೊಳ್ಳುವುದಿಲ್ಲ, ಅಲ್ವಾ? ಮಾತ್ರೆಯ ಹಲ್ಲು ನೋಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಡಬ್ಬಿ ತಿರುಗಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ‘ಹೆಲ್ತ್ ಸಪ್ಲಿಮೆಂಟ್’ ಎಂಬ ಮಾತು ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಆಹಾರ, ಔಷಧಿ ಅಲ್ಲ. ಔಷಧಿಯಾಗಿ ಬಳಸಲು ಅಲ್ಲ ಎಂದು ಅದರ ಮೇಲೇ ಅಚ್ಚು ಹಾಕಿರಬೇಕು. ಮಾರುವವರು ಬಾಯಲ್ಲಿ ‘ಕಾಯಿಲೆ ಬರಲ್ಲ’ ಎನ್ನುತ್ತಾರೆ, ಡಬ್ಬಿ ಬೇರೆಯದನ್ನು ಹೇಳುತ್ತದೆ. ಡಬ್ಬಿಯನ್ನು ನಂಬಿ.

ಎರಡನೆಯದು, ಹೇಳುವವರಿಗೆ ಇದರಿಂದ ಏನು ಸಿಗುತ್ತದೆ ಎಂದು ನೋಡುವುದು. ವೈದ್ಯರ ವಿಷಯದಲ್ಲಿ ಹೀಗೆ ಕೇಳಲು ನಮಗೆ ಮುಜುಗರ. ಆದರೆ ಸುಪ್ರೀಂ ಕೋರ್ಟಿಗೇ ಹೋದ ಒಂದು ಪ್ರಕರಣ ಕೇಳಿ. ಜಿಂಕೋವಿಟ್ ಎಂಬ ವಿಟಮಿನ್ ಮಾತ್ರೆ ನಿಮ್ಮ ಮನೆಯಲ್ಲೂ ಇರಬಹುದು. ಅದರ ಪ್ರಚಾರಕ್ಕೆಂದು ಎಪೆಕ್ಸ್ ಲ್ಯಾಬೊರೇಟರೀಸ್ ಕಂಪನಿ ವೈದ್ಯರಿಗೆ ಉಡುಗೊರೆ ಕೊಟ್ಟು, ಆ ಸುಮಾರು 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ತೆರಿಗೆ ವಿನಾಯಿತಿ ಕೇಳಿತ್ತು. ವೈದ್ಯರು ಕಂಪನಿಗಳಿಂದ ಉಡುಗೊರೆ ಪಡೆಯಬಾರದು ಎಂಬ ನಿಯಮ 2009ರ ಡಿಸೆಂಬರ್‌ನಲ್ಲೇ ಬಂದಿದೆ. ಹಾಗಾಗಿ 2022ರ ಫೆಬ್ರುವರಿಯಲ್ಲಿ ಕೋರ್ಟ್ ವಿನಾಯಿತಿ ಕೊಡಲು ಒಪ್ಪಲಿಲ್ಲ. ಇಂಥ ಉಡುಗೊರೆಗಳೆಂದು ಚಿನ್ನದ ನಾಣ್ಯ, ಲ್ಯಾಪ್‌ಟಾಪ್, ಫ್ರಿಜ್, ಟಿವಿಗಳ ಹೆಸರು ತೀರ್ಪಿನಲ್ಲಿ ಬರುತ್ತದೆ. ಅವುಗಳ ಖರ್ಚು ಕೊನೆಗೆ ಮಾತ್ರೆಯ ಬೆಲೆಗೇ ಸೇರುತ್ತದೆ ಎಂದೂ ಕೋರ್ಟ್ ಹೇಳಿತು. ಅಂದರೆ ಆ ಫ್ರಿಜ್ಜಿನ ಕಂತು ಕಟ್ಟುವವರು ನಾವು.

ಹಾಗೆಂದು ವೈದ್ಯರ ಮೇಲೆ ಹರಿಹಾಯಬೇಡಿ. ಮೂರು ಪ್ರಶ್ನೆ ಸಾಕು: ‘ಸಾರ್, ಇದು ಬೇಕೇ ಬೇಕಾ? ಎಷ್ಟು ದಿನ? ಕಡಿಮೆ ಬೆಲೆಯದು ಇದೆಯಾ?’ ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ‘ಔಷಧ ಕಂಪನಿಗಳು ಈ ಸತ್ಯ ಮುಚ್ಚಿಟ್ಟಿವೆ’ ಎನ್ನುವವರ ಜೇಬನ್ನೂ ನೋಡಬೇಕು. ಜರ್ಮನಿಯ ವೈದ್ಯ ಮಥಿಯಾಸ್ ರಾತ್ ದಕ್ಷಿಣ ಆಫ್ರಿಕಾದಲ್ಲಿ ಏಡ್ಸ್ ಔಷಧಿ ವಿಷ, ವಿಟಮಿನ್ ತಗೊಳ್ಳಿ ಎಂದು ಪ್ರಚಾರ ಮಾಡಿದರು. ವಿಟಮಿನ್ ಮಾರುತ್ತಿದ್ದವರೂ ಅವರೇ. 2008ರಲ್ಲಿ ಕೇಪ್‌ಟೌನ್ ಹೈಕೋರ್ಟ್ ಅವರು ರೋಗಿಗಳ ಮೇಲೆ ನಡೆಸಿದ ವಿಟಮಿನ್ ಪ್ರಯೋಗಗಳು ಕಾನೂನಿಗೆ ವಿರುದ್ಧ ಎಂದಿತು. ವಿಡಿಯೊದ ಕೆಳಗೆ ಆರ್ಡರ್ ಲಿಂಕ್ ಕಂಡರೆ ನನಗೆ ಈ ಕತೆಯೇ ನೆನಪಾಗುತ್ತದೆ.

ನಾಲ್ಕನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ‘ಸಂಶೋಧನೆ ಹೇಳಿದೆ’ ಎಂದರೆ ಯಾವ ಸಂಶೋಧನೆ ಎಂದು ಕೇಳಿ. ಮೊಬೈಲಿನಲ್ಲಿ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ತಾಣ ತೆರೆದು ಅದನ್ನು ಹುಡುಕಿ. ಬಹಳಷ್ಟು ಹೊಸ ಲೇಖನಗಳಲ್ಲಿ ಸಾರಾಂಶದ ಕೆಳಗೆ ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ (ಹಿತಾಸಕ್ತಿ ಸಂಘರ್ಷ) ಎಂಬ ಭಾಗ ಇರುತ್ತದೆ. ಯಾರು ಯಾರಿಂದ ಹಣ ಪಡೆದರು ಎಂದು ಅಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಬಾರದಿದ್ದರೆ ಮನೆಯ ಕಾಲೇಜು ಮಕ್ಕಳ ಕೈಗೆ ಕೊಡಿ.

‘ಇಷ್ಟಿದ್ದರೆ ಸಾಕು’ ಎಂಬ ಗೆರೆ ಎಳೆದವರು ಯಾರು ಎಂಬುದನ್ನೂ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ವಿಟಮಿನ್ ಡಿ 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು ಎಂದು ಅಮೆರಿಕದ ಒಂದು ದೊಡ್ಡ ಸಂಸ್ಥೆ ಹೇಳಿತು. 2011ರಲ್ಲಿ ಅಲ್ಲಿನದೇ ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ 30 ಬೇಕು ಎಂದಿತು. ಗೆರೆ ಹತ್ತು ಅಂಕ ಮೇಲೆ ಹೋಯಿತು. ನಿನ್ನೆ ಚೆನ್ನಾಗಿದ್ದವರು ಇವತ್ತು ‘ಸಾಲದು’ ಪಟ್ಟಿಗೆ ಬಂದರು. ಆ 30ರ ಸಮಿತಿಯ ಮುಖ್ಯಸ್ಥ ಮೈಕೆಲ್ ಹಾಲಿಕ್ ಅವರಿಗೆ ಔಷಧ ಕಂಪನಿಗಳಿಂದಲೂ, ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಕಂಪನಿಯಿಂದಲೂ ಹಣ ಬರುತ್ತಿತ್ತು ಎಂದು 2018ರಲ್ಲಿ ಪತ್ರಿಕೆಗಳು ಬರೆದವು. ಅದರಿಂದ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದು ಅವರು ಹೇಳಿದರು. 2024ರಲ್ಲಿ ಅದೇ ಸೊಸೈಟಿ 30ರ ಗೆರೆ ಕೈಬಿಟ್ಟಿತು. ಆರೋಗ್ಯವಾಗಿರುವವರು ಸುಮ್ನೆ ಈ ಪರೀಕ್ಷೆ ಮಾಡಿಸಬೇಕಿಲ್ಲ ಎಂದೂ ಹೇಳಿತು.

ಹಣ ಕಂಡ ಕೂಡಲೇ ಎಲ್ಲ ಸುಳ್ಳು ಎಂದುಕೊಂಡರೂ ತಪ್ಪೇ. ಹಾಗಾಗಿ ಐದನೆಯದು, ಪರೀಕ್ಷೆಯನ್ನು ಹೇಗೆ ಮಾಡಿದರು ಎಂದು ನೋಡುವುದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹಾಗೇ ಕಾಣುವ ಹುಸಿ ಮಾತ್ರೆ ಕೊಟ್ಟು ಹೋಲಿಸಿದ್ದಾರಾ? ವೈಟಲ್ ಎಂಬ ಅಮೆರಿಕದ ಪ್ರಯೋಗದಲ್ಲಿ 25,871 ಜನ ಇದ್ದರು. ವಿಟಮಿನ್ ಡಿ ಮಾತ್ರೆಯನ್ನು ಕಂಪನಿಯೇ ದಾನ ಕೊಟ್ಟಿತ್ತು, ಮುಖ್ಯ ಖರ್ಚು ಸರ್ಕಾರದ್ದು. ದಿನಕ್ಕೆ 2,000 ಯೂನಿಟ್‌ನಂತೆ ಐದು ವರ್ಷ ಕೊಟ್ಟರೂ ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ ಹೃದಯಾಘಾತವಾಗಲಿ ಕಡಿಮೆ ಆಗಲಿಲ್ಲ ಎಂದು 2018ರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಫಿನ್‌ಲ್ಯಾಂಡಿನಲ್ಲಂತೂ 29,133 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದಲ್ಲಿ ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿಯಾಗಿತ್ತು. ಅದು ಗೊತ್ತಾಗಿದ್ದು 1994ರಲ್ಲಿ.

ಕೊರತೆ ಇದೆ ಎಂದು ವೈದ್ಯರು ಈಗಾಗಲೇ ಕೊಟ್ಟಿರುವ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ. ಅರವತ್ತು ಸಾವಿರ ಯೂನಿಟ್‌ನ ವಿಟಮಿನ್ ಡಿ ಪೊಟ್ಟಣವನ್ನು ಮಾತ್ರ ವೈದ್ಯರನ್ನು ಕೇಳದೆ ತಿನ್ನಬೇಡಿ. ಅತಿಯಾದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ರೋಗ ತಡೆಯುತ್ತದೆ ಎಂದು ಗಟ್ಟಿಯಾಗಿ ಸಾಬೀತಾದ ವಿಟಮಿನ್ ಕೂಡ ಇದೆ. ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷ ಬಹಳಷ್ಟು ತಪ್ಪುತ್ತದೆ. ಬ್ರಿಟನ್ ಸರ್ಕಾರದ ಹಣದಲ್ಲಿ ನಡೆದ ಪ್ರಯೋಗ ಇದನ್ನು 1991ರಲ್ಲೇ ತೋರಿಸಿತು. ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯಲ್ಲೂ 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುತ್ತದೆ, ಅದೂ ಪುಕ್ಕಟೆ. ಅದಕ್ಕೆಂದು ಯಾವ ಕಂಪನಿಯೂ ಕಲ್ಯಾಣ ಮಂಟಪ ಬುಕ್ ಮಾಡಿದ್ದನ್ನು ನಾನಂತೂ ಕಂಡಿಲ್ಲ.