ಸ್ವಿಚ್ ಆರಿಸಿದರೆ ಸಾಲದು: ಕೆಲಸದ ಸ್ಥಳದಲ್ಲಿ ವಿದ್ಯುತ್ ಸುರಕ್ಷತೆ

ವಿದ್ಯುತ್ ಅವಘಡದ ಮಾತು ಬಂದಾಗ ಎಲ್ಲರೂ ಮೊದಲು ವೋಲ್ಟೇಜ್ ಎಷ್ಟಿತ್ತು ಎಂದು ಕೇಳುತ್ತಾರೆ. ಆದರೆ ದೇಹಕ್ಕೆ ಪೆಟ್ಟು ಕೊಡುವುದು ಅದರೊಳಗೆ ಹರಿಯುವ ಪ್ರವಾಹ, ಅಂದರೆ ಆಂಪಿಯರ್. ವೋಲ್ಟೇಜ್ ಎಂಬುದು ಪ್ರವಾಹವನ್ನು ತಳ್ಳುವ ಒತ್ತಡ, ರೋಧ ಎಂಬುದು ಅದಕ್ಕೆ ಎದುರಾಗುವ ತಡೆ. ವೋಲ್ಟ್‌ಗಳನ್ನು ಓಮ್‌ಗಳಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ, ಆದರೆ ನಮ್ಮ ದೇಹಕ್ಕೇ ಅನ್ವಯಿಸಿ ನೋಡಿರುವುದಿಲ್ಲ. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಬೆವರಿದ ಅಥವಾ ಒದ್ದೆಯಾದ ದೇಹದಲ್ಲಿ ಅದು ಸುಮಾರು 1000 ಓಮ್‌ಗೆ ಇಳಿಯುತ್ತದೆ. ಆಗ 230 ವೋಲ್ಟ್ ತಗುಲಿದರೆ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್.

ಈ ಅಂಕಿಯ ಅರ್ಥ ತಿಳಿಯಬೇಕಾದರೆ ದೇಹದ ಮಿತಿಗಳನ್ನು ನೋಡಬೇಕು. ಸುಮಾರು 1 ಮಿಲಿಆಂಪಿಯರ್ ಹರಿದಾಗ ಜುಮ್ಮೆನ್ನುತ್ತದೆ. 10ರ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. 30ರಷ್ಟಾದರೆ ಉಸಿರಾಟಕ್ಕೆ ತೊಂದರೆಯಾಗಬಹುದು, ಅದಕ್ಕೂ ಮೇಲೆ ಹೋದರೆ ಹೃದಯದ ಲಯ ತಪ್ಪಬಹುದು. ಪ್ರವಾಹ ಎಷ್ಟು ಹೊತ್ತು ಹರಿಯಿತು, ದೇಹದ ಯಾವ ಭಾಗದ ಮೂಲಕ ಹಾದುಹೋಯಿತು ಎಂಬುದೂ ಇಲ್ಲಿ ಮುಖ್ಯ. 60 ವ್ಯಾಟಿನ ಹಳೆಯ ಬಲ್ಬೊಂದು ಉರಿಯಲು ಬೇಕಾದ ಪ್ರವಾಹವೇ ಸುಮಾರು 260 ಮಿಲಿಆಂಪಿಯರ್.

ಪ್ರವಾಹ ಮಿತಿಮೀರಿದರೆ ತಾನಾಗಿಯೇ ಆರುವ ಸ್ವಿಚ್ಚಾದ ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. 16 ಆಂಪಿಯರ್‌ನ ಎಂಸಿಬಿಗೆ 230 ಮಿಲಿಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದನ್ನು ಅಳವಡಿಸಿರುವುದು ತಂತಿ ಕಾದು ಬೆಂಕಿ ಹೊತ್ತದಿರಲೆಂದು; ಮನುಷ್ಯನನ್ನು ಉಳಿಸುವುದು ಅದರ ಕೆಲಸವಲ್ಲ. ಆ ಕೆಲಸಕ್ಕೆ ಇರುವುದು ಆರ್‌ಸಿಸಿಬಿ. ಅದು ಫೇಸ್ ತಂತಿಯಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವನ್ನೂ ಹೋಲಿಸುತ್ತಿದ್ದು, ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನಷ್ಟು ಸೋರಿಕೆಯಾದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಆದರೆ ಒಂದು ಕೈ ಫೇಸ್‌ಗೂ ಇನ್ನೊಂದು ನ್ಯೂಟ್ರಲ್‌ಗೂ ತಾಗಿದರೆ ಅದರ ಲೆಕ್ಕದಲ್ಲಿ ವ್ಯತ್ಯಾಸ ಕಾಣದಿರುವುದರಿಂದ ಅದು ಸುಮ್ಮನಿರಬಹುದು. ಅದರ ಮೇಲಿನ ಟೆಸ್ಟ್ ಬಟನ್ನನ್ನು ತಯಾರಕರು ಹೇಳಿದ ಅವಧಿಗೊಮ್ಮೆ ತಪ್ಪದೆ ಒತ್ತಿ ನೋಡಬೇಕು. ಇನ್ನು ಅರ್ಥಿಂಗ್: ಯಂತ್ರದ ಲೋಹದ ಮೈಗೆ ಫೇಸ್ ತಗುಲಿದಾಗ ಪ್ರವಾಹಕ್ಕೆ ಸುಲಭವಾದ ದಾರಿ ಕೊಟ್ಟು ರಕ್ಷಣಾ ಸಾಧನ ಸಂಪರ್ಕ ಕಡಿಯುವಂತೆ ಮಾಡುವುದು ಅದೇ. ಸಾಕೆಟ್‌ಗೆ ಹೊಂದಲಿಲ್ಲವೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿದು ಹಾಕುವವರು ಕಳೆದುಕೊಳ್ಳುವುದು ಈ ದಾರಿಯನ್ನು.

ದುರಸ್ತಿಗೆ ಕೈಹಾಕುವವರು, ತರಬೇತಿ ಮತ್ತು ಅನುಮತಿ ಎರಡೂ ಇರುವವರೇ ಆಗಿದ್ದರೂ, ಒಂದು ಕ್ರಮವನ್ನು ಬಿಡುವಂತಿಲ್ಲ. ಯಾವ ಸರ್ಕ್ಯೂಟ್ ಎಂದು ಗುರುತಿಸಿ, ಅದನ್ನು ಬಳಸುವವರಿಗೆಲ್ಲ ಮೊದಲೇ ತಿಳಿಸಿ, ಯಂತ್ರದ ಸ್ಟಾಪ್ ಬಟನ್ನಿನಿಂದಲ್ಲದೆ ಅದಕ್ಕೆ ಬರುವ ವಿದ್ಯುತ್ತನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್ಚಾದ ಐಸೊಲೇಟರ್‌ನಿಂದಲೇ ಪೂರೈಕೆ ಕಡಿಯಬೇಕು. ಜನರೇಟರ್, ಯುಪಿಎಸ್ ಅಥವಾ ಸೌರ ಫಲಕಗಳಿದ್ದರೆ ಅವುಗಳ ದಾರಿಯನ್ನೂ ಮುಚ್ಚಬೇಕು, ಏಕೆಂದರೆ ಮುಖ್ಯ ಪೂರೈಕೆ ನಿಂತ ಕೂಡಲೇ ಅವು ತಾವಾಗಿಯೇ ವಿದ್ಯುತ್ ಕೊಡತೊಡಗಬಹುದು. ನಂತರ ಐಸೊಲೇಟರ್‌ಗೆ ಸ್ವಂತ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು, ಹೆಸರು ಮತ್ತು ಸಮಯ ಬರೆದ ಫಲಕ ತೂಗುಹಾಕಬೇಕು. ನಾಲ್ವರು ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಒಬ್ಬರ ಕೆಲಸ ಮುಗಿಯಿತೆಂದು ಇನ್ನೊಬ್ಬರ ಬೀಗ ತೆಗೆಯುವಂತಿಲ್ಲ. ಮೋಟಾರ್ ಡ್ರೈವ್‌ಗಳಂಥ ಸಾಧನಗಳಲ್ಲಿ ಪೂರೈಕೆ ನಿಂತ ಮೇಲೂ ಕೆಪಾಸಿಟರ್‌ಗಳು ಚಾರ್ಜ್ ಹಿಡಿದಿರುತ್ತವೆ, ಆದ್ದರಿಂದ ಸಾಧನದ ಮೇಲೆ ನಮೂದಿಸಿದಷ್ಟು ನಿಮಿಷ ಕಾಯಬೇಕು.

ಇಷ್ಟಾದ ಮೇಲೂ ತಂತಿಯನ್ನು ಮುಟ್ಟಬಾರದು; ವಿದ್ಯುತ್ ಇಲ್ಲವೆಂದು ಅಳೆದು ನೋಡಬೇಕು. ಮಾಪಕವನ್ನು ಮೊದಲು ವಿದ್ಯುತ್ ಇರುವುದು ಖಚಿತವಿರುವ ಕಡೆ ಇಟ್ಟು ಅದು ಸರಿಯಿದೆಯೆಂದು ನೋಡಿ, ಬಳಿಕ ಕೆಲಸದ ಜಾಗದಲ್ಲಿ ಫೇಸ್‌ಗಳ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ, ಪ್ರತಿಯೊಂದಕ್ಕೂ ಅರ್ಥಿಗೂ ನಡುವೆ ಅಳೆದು, ಕೊನೆಗೆ ಮತ್ತೆ ಮೊದಲಿನ ಕಡೆಯೇ ಪರೀಕ್ಷಿಸಬೇಕು. ನಡುವೆ ಮಾಪಕವೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆಗೆ ಬೆಲೆಯಿಲ್ಲ. ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರ್‌ನ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ: ಬಿಸಿಲಿನಲ್ಲಿ ಅದರ ಬೆಳಕು ಕಾಣುವುದಿಲ್ಲ, ರಬ್ಬರ್ ಚಾಪೆಯ ಮೇಲೆ ನಿಂತಾಗ ಅದು ಉರಿಯದೆಯೂ ಇರಬಹುದು. ಯಂತ್ರ ನಿಂತಿದೆ ಎಂಬುದೂ ಪುರಾವೆಯಲ್ಲ. ನ್ಯೂಟ್ರಲ್ ತುಂಡಾಗಿದ್ದರೆ ಯಂತ್ರ ನಿಲ್ಲುತ್ತದೆ, ಫೇಸ್ ಮಾತ್ರ ಹಾಗೆಯೇ ಉಳಿದಿರುತ್ತದೆ.

ಕಚೇರಿಯ ಮೇಜಿನ ಬಳಿ ಅಪಾಯ ಬೇರೆ ರೂಪದಲ್ಲಿರುತ್ತದೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 2000 ವ್ಯಾಟಿನ ಕೆಟಲ್ ಮತ್ತು 1500 ವ್ಯಾಟಿನ ಹೀಟರ್ ಹಾಕಿದರೆ 3500 ವ್ಯಾಟ್ ಆಗುತ್ತದೆ. 230ರಿಂದ ಭಾಗಿಸಿದರೆ ಸುಮಾರು 15 ಆಂಪಿಯರ್. ಬೋರ್ಡ್ 6 ಆಂಪಿಯರ್‌ನದಾಗಿದ್ದರೆ ಅದು ಕಾಯುವುದು ಖಂಡಿತ, ಅದರಲ್ಲೂ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಸುರುಳಿ ಸುತ್ತಿದ ಕೇಬಲ್‌ನಲ್ಲಿ ಆ ಶಾಖ ಹೊರಹೋಗಲು ದಾರಿಯಿಲ್ಲ, ಆದ್ದರಿಂದ ಪೂರ್ತಿ ಬಿಚ್ಚಿಯೇ ಬಳಸಬೇಕು. ಕೈಗೆ ಬಿಸಿ ತಾಗುವ ಪ್ಲಗ್, ಸುಟ್ಟ ವಾಸನೆ, ಬಣ್ಣ ಕಪ್ಪಾದ ಸಾಕೆಟ್ ಇವುಗಳಲ್ಲಿ ಯಾವುದು ಕಂಡರೂ ಬಳಕೆ ನಿಲ್ಲಿಸಿ ವರದಿ ಮಾಡಬೇಕು.

ಯಾರಿಗಾದರೂ ಶಾಕ್ ಹೊಡೆದು ಅವರು ತಂತಿಗೆ ಅಂಟಿಕೊಂಡಿದ್ದರೆ ಅವರನ್ನು ಮುಟ್ಟದೆ ಮೊದಲು ಪೂರೈಕೆ ಕಡಿಯಬೇಕು. ಅದು ಸಾಧ್ಯವಾಗದೆ ಹೋದರೆ, ಮನೆ, ಕಚೇರಿಗಳ ಪೂರೈಕೆಯಂಥ ಕಡಿಮೆ ವೋಲ್ಟೇಜಿನಲ್ಲಿ ಮಾತ್ರ, ಒಣ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬಹುದು. ಹೈಟೆನ್ಷನ್ ತಂತಿಯ ಹತ್ತಿರ ಹೋಗುವಂತೆಯೇ ಇಲ್ಲ. ಅವರು ಪ್ರತಿಕ್ರಿಯಿಸದೆ, ಸಹಜವಾಗಿ ಉಸಿರಾಡದೆ ಇದ್ದರೆ ತುರ್ತು ಸೇವೆಗೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಉಪಕರಣಕ್ಕೆ ಬೆಂಕಿ ಹತ್ತಿದ್ದರೆ ನೀರು ಸುರಿಯದೆ ಕಾರ್ಬನ್ ಡೈಆಕ್ಸೈಡ್ ಅಥವಾ ಒಣಪುಡಿಯ ಅಗ್ನಿಶಾಮಕ ಬಳಸಬೇಕು. ಶಾಕ್ ಹೊಡೆದವರು ಎದ್ದು ಕುಳಿತು ಏನೂ ಆಗಿಲ್ಲವೆಂದರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಒಳಗಿನ ಸುಟ್ಟ ಗಾಯವಾಗಲಿ ಹೃದಯದ ಲಯದ ಏರುಪೇರಾಗಲಿ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ.