ಸಿಡ್ನಿಗೆ ಹೊಸಬರೇ? ಯಾವ ಜೇಡಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೊದಲ ಬೇಸಿಗೆಯಲ್ಲೇ ನಿಮ್ಮ ಮನೆ ಗೋಡೆ ಮೇಲೆ ಅಂಗೈ ಅಗಲದ ಕಂದು ಜೇಡ ಕಾಣಿಸಬಹುದು. ಅದು ಹಂಟ್ಸ್‌ಮನ್. ನೋಡೋಕೆ ಭಯಂಕರ, ಆದರೆ ಪಾಪದ್ದು. ಜಿರಲೆ ತಿಂದುಕೊಂಡಿರುತ್ತದೆ. ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಬಿಟ್ಟುಬನ್ನಿ. ಕಾರು ಓಡಿಸುವಾಗ ಕಂಡರೆ ಮಾತ್ರ ಗಾಬರಿಯಾಗಬೇಡಿ. ಆ ಗಾಬರಿಯೇ ಜೇಡಕ್ಕಿಂತ ಅಪಾಯ.

ನಿಜವಾಗಿ ಗುರುತಿಟ್ಟುಕೊಳ್ಳಬೇಕಾದ್ದು ಎರಡು.

ಒಂದು, ಸಿಡ್ನಿ ಫನಲ್ ವೆಬ್. ಮಿರಮಿರ ಹೊಳೆಯುವ ಕಪ್ಪು ಮೈ, ಗಟ್ಟಿ ಕಾಲುಗಳು. ತೇವ ಇರುವ ಮಣ್ಣಿನಲ್ಲಿ, ಕಲ್ಲಿನ ಸಂದಿಯಲ್ಲಿ ಬಿಲ. ಬಿಲದ ಬಾಯಿಯಿಂದ ಸುತ್ತಲೂ ಎಳೆಗಳು ಹರಡಿರುತ್ತವೆ. ಗಂಡಿನ ವಿಷ ಹೆಣ್ಣಿನದಕ್ಕಿಂತ ಜೋರು. ಬೇಸಿಗೆಯಿಂದ ಶರತ್ಕಾಲದವರೆಗೆ (ಇಲ್ಲಿ ಸುಮಾರು ಡಿಸೆಂಬರ್‌ನಿಂದ ಮೇವರೆಗೆ), ಅದರಲ್ಲೂ ಮಳೆ ಬಿದ್ದ ಮೇಲೆ, ಹೆಣ್ಣನ್ನು ಹುಡುಕಿಕೊಂಡು ರಾತ್ರಿ ಅಲೆಯುವುದೂ ಗಂಡೇ. ಹಾರ್ನ್ಸ್‌ಬಿಯಂಥ ಕಾಡಂಚಿನ ಬಡಾವಣೆಯಲ್ಲಿ ಮನೆ ಹಿಡಿದಿದ್ದರೆ ಜಾಸ್ತಿ ಎಚ್ಚರ ಇರಲಿ.

ಇಲ್ಲಿ ನಮ್ಮವರ ಒಂದು ಅಭ್ಯಾಸ ಕೈಕೊಡುತ್ತದೆ. ಶೂ, ಚಪ್ಪಲಿ ಬಾಗಿಲ ಹೊರಗೇ ಬಿಡುತ್ತೇವಲ್ಲ, ಬೆಳಗಾಗುವಷ್ಟರಲ್ಲಿ ಜೇಡಕ್ಕೆ ಅಡಗಲು ಅದಕ್ಕಿಂತ ಒಳ್ಳೆ ಜಾಗ ಬೇಕೇ? ಬಾಗಿಲ ಒಳಗೆ ಒಂದು ಸ್ಟ್ಯಾಂಡ್ ಇಡಿ. ಹೊರಗಿಟ್ಟಿದ್ದರೆ ಚೆನ್ನಾಗಿ ಕೊಡವಿ ಹಾಕಿಕೊಳ್ಳಿ. ಮಕ್ಕಳ ಬಟ್ಟೆ, ಟವೆಲ್ ನೆಲದ ಮೇಲೆ ಬಿಡಬೇಡಿ. ಈಜುಕೊಳದಲ್ಲಿ ಮುಳುಗಿ ಬಿದ್ದಿರುವ ಫನಲ್ ವೆಬ್ ಸತ್ತಿದೆ ಎಂದು ಕೈಹಾಕಬೇಡಿ. ಅದು ನೀರಿನಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ.

ಕಚ್ಚಿದರೆ ತಕ್ಷಣ ಇಲ್ಲಿನ ತುರ್ತು ಸೇವೆಯ ನಂಬರ್ 000ಕ್ಕೆ ಫೋನ್ ಮಾಡಿ. ಊರಲ್ಲಿ ಹಾವು ಕಚ್ಚಿದಾಗ ಕಟ್ಟುತ್ತಿದ್ದರಲ್ಲ, ಹಾಗೆ ಮೇಲೊಂದು ಕಡೆ ದಾರ ಬಿಗಿಯಬೇಡಿ. ಕಚ್ಚಿದ ಜಾಗದಿಂದ ಶುರುಮಾಡಿ ಇಡೀ ಕೈಗೋ ಕಾಲಿಗೋ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡದಂತೆ ಮಲಗಿಸಿ. ನಡೆಸಿಕೊಂಡು ಹೋಗುವುದಂತೂ ಬೇಡವೇ ಬೇಡ. 1981ರಲ್ಲಿ ಇದಕ್ಕೆ ಆಂಟಿವೆನಮ್, ಅಂದರೆ ವಿಷ ಇಳಿಸುವ ಮದ್ದು ಬಂತು. ಅಲ್ಲಿಂದ ಈಚೆಗೆ ಇದರ ಕಡಿತದಿಂದ ಯಾರೂ ಸತ್ತಿಲ್ಲ.

ಎರಡನೆಯದು ರೆಡ್‌ಬ್ಯಾಕ್. ಬಟಾಣಿ ಕಾಳಿನಷ್ಟು ಹೊಟ್ಟೆ, ಕಪ್ಪು ಬಣ್ಣ, ಬೆನ್ನ ಮೇಲೆ ಕೆಂಪು ಪಟ್ಟೆ. ಕಚ್ಚಿ ತೊಂದರೆ ಕೊಡುವುದು ಹೆಚ್ಚಾಗಿ ಹೆಣ್ಣು. ಅಂಗಳದ ಕುರ್ಚಿ ಅಡಿ, ಅಂಚೆ ಡಬ್ಬಿ, ಸೈಕಲ್ ಹೆಲ್ಮೆಟ್, ನಿಮ್ಮ ಕರಿಬೇವಿನ ಕುಂಡದ ತಳ, ಇಂಥ ಒಣ ಜಾಗಗಳಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟುತ್ತದೆ. ಕುಂಡ ಎತ್ತುವಾಗ ಕೈಗವಸು ಹಾಕಿಕೊಳ್ಳಿ. ಇದರ ನೋವು ನಿಧಾನವಾಗಿ ಏರುತ್ತದೆ, ಬೆವರೂ ಬರುತ್ತದೆ. ಇದಕ್ಕೆ ಬ್ಯಾಂಡೇಜ್ ಸುತ್ತಬಾರದು, ನೋವು ಹೆಚ್ಚುತ್ತದೆ. ಐಸ್ ಪ್ಯಾಕ್ ಇಡಿ. ನೋವು ಜೋರಾದರೆ, ಅಥವಾ ಕಚ್ಚಿಸಿಕೊಂಡದ್ದು ಮಗುವಾದರೆ, ಆಸ್ಪತ್ರೆಗೆ ಹೋಗಿ.

ಇನ್ನು ಔಷಧಿ ಹೊಡೆಸುವ ವಿಷಯ. ಸುಮ್ನೆ ದುಡ್ಡು ಸುರಿಯುವ ಮೊದಲು ಪೊರಕೆ ಹಿಡಿಯಿರಿ. ರೆಡ್‌ಬ್ಯಾಕ್ ಬಲೆ ಮತ್ತು ಮೊಟ್ಟೆಯ ಗೂಡನ್ನು ಆಗಾಗ ಕೋಲಿನಿಂದ ತೆಗೆದರೆ ಅರ್ಧ ಕೆಲಸ ಆಯ್ತು. ಫನಲ್ ವೆಬ್ ಎಲ್ಲಿಂದಲೋ ನಡೆದು ಬರುವಂಥದ್ದು, ಅಂಗಳಕ್ಕೆ ಹೊಡೆದ ಸ್ಪ್ರೇ ಅದನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಗೋಡೆ ಪಕ್ಕದ ಒಣಗಿದ ಎಲೆ, ಸೌದೆ, ಇಟ್ಟಿಗೆ ರಾಶಿ ತೆಗೆಯಿರಿ.

ಯಾವ ಜೇಡ ಕಚ್ಚಿತೋ ಗೊತ್ತಾಗದೆ, ಮೈ ಹುಷಾರಾಗಿಯೇ ಇದ್ದರೆ 13 11 26ಕ್ಕೆ ಕರೆ ಮಾಡಿ ಕೇಳಿ. ಅದು ವಿಷ ಮಾಹಿತಿ ಕೇಂದ್ರ, ರಾತ್ರಿ ಹಗಲು ಫೋನ್ ಎತ್ತುತ್ತಾರೆ. ಆದರೆ ಕಚ್ಚಿದ್ದು ದೊಡ್ಡ ಕಪ್ಪು ಜೇಡವಾದರೆ ಅದನ್ನು ಫನಲ್ ವೆಬ್ ಎಂದೇ ತಿಳಿದು ನೇರವಾಗಿ 000 ಒತ್ತಿ.